ಬಣ್ಣ ಬಿಟ್ಟಿದೆ ಎಂದುಕೊಂಡ ಎರಡು ದಿನ

ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿ ಬಂದ ಅಕ್ಕ ನನ್ನನ್ನೂ ಎಳೆದುಕೊಂಡು ಗಾಂಧಿ ಬಜಾರಿಗೆ ಹೊರಟಳು. ಅವಳು ಪ್ರೈಮರಿ ಶಾಲೆಯ ಟೀಚರ್, ನಾನು ಆಫೀಸೊಂದರಲ್ಲಿ ಟೈಪಿಸ್ಟ್. ಅಪ್ಪ ಅಮ್ಮ ಹೋದ ಮೇಲೆ ಚಾಮರಾಜಪೇಟೆಯ ಬಾಡಿಗೆ ಮನೆಯಲ್ಲಿ ನಾವಿಬ್ಬರೇ ಇದ್ದೆವು. ಬದನೆಕಾಯಿ ಬಣ್ಣದ ಸೀರೆಗೆ ಹೊಂದುವ ಒಳಲಂಗಕ್ಕಾಗಿ ನಾಲ್ಕು ಅಂಗಡಿ ಹತ್ತಿಳಿದಳು.

"ಒಳಗಿರೋದನ್ನ ಯಾರು ನೋಡ್ತಾರಕ್ಕ?" ಎಂದೆ.

"ನಾನು ನೋಡ್ತೀನಲ್ಲ," ಎಂದಳು.

ಮರುದಿನ ಅದನ್ನು ಹಾಕಿಕೊಂಡು ವಿಶ್ವೇಶ್ವರಪುರದಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗಿಬಂದಳು. ಸಂಜೆ ಸೀರೆ ಬಿಚ್ಚಿದಾಗ ಮೊಣಕಾಲಿನ ಕೆಳಗೆಲ್ಲ ಸಾಸಿವೆಯಷ್ಟು ಸಣ್ಣ ಕೆನ್ನೇರಳೆ ಚುಕ್ಕೆಗಳು.

"ಬಣ್ಣ ಬಿಟ್ಟಿದೆ. ಉಪ್ಪುನೀರಲ್ಲಿ ನೆನೆಸದೆ ಹಾಕ್ಕೊಂಡ್ರೆ ಇನ್ನೇನಾಗುತ್ತೆ?" ಎಂದೆ.

"ಅಂಗಡಿಯವ್ನು ಗ್ಯಾರಂಟಿ ಅಂದಿದ್ದ ಕಣೇ."

"ಅವನ ಗ್ಯಾರಂಟಿ ನಿನ್ನ ಕಾಲಿಗೆ ಹತ್ಕೊಂಡಿದೆ ನೋಡು."

ನಕ್ಕೆವು. ಲಂಗವನ್ನು ಉಪ್ಪುನೀರಿಗೆ ಹಾಕಿದೆ. ಕಡಲೆಹಿಟ್ಟು ಹಚ್ಚಿ ಅವಳ ಕಾಲನ್ನು ನಾನೇ ಉಜ್ಜಿದೆ. ಚುಕ್ಕೆ ಹೋಗಲಿಲ್ಲ. ಬೆಳಿಗ್ಗೆ ನೋಡಿದರೆ ಬಕೆಟ್ಟಿನ ನೀರು ತಿಳಿಯಾಗಿತ್ತು. ಬಣ್ಣವೇ ಬಿಟ್ಟಿರಲಿಲ್ಲ. ನೋಡಿದೆ, ಚೆಲ್ಲಿದೆ, ಆಫೀಸಿಗೆ ಹೋದೆ.

ಅಂದು ಅಕ್ಕ ತಲೆನೋವು ಎಂದಳು, ಬಿಸಿಲಿಗೆ ಇರಬೇಕು ಎಂದೆ. ಮಂಗಳವಾರ ಬೆಳಿಗ್ಗೆ ಕಾಫಿ ಲೋಟ ಕೈಗೆ ತೆಗೆದುಕೊಂಡು, "ಅಮ್ಮ ಎದ್ದಳಾ?" ಎಂದು ಕೇಳಿದಳು. ಅಮ್ಮ ತೀರಿಕೊಂಡು ಆರು ವರ್ಷವಾಗಿತ್ತು. ಪಕ್ಕದ ಮನೆಯ ಫೋನಿನಿಂದ ಅವಳ ಶಾಲೆಗೆ ತಿಳಿಸಿ ಆಟೋ ಹಿಡಿದೆ.

ಬಹಳ ಅಪರೂಪದ ಕಾಯಿಲೆ ಎಂದರು ಡಾಕ್ಟರು. ದೇಹ ತನಗೆ ತಾನೇ ಎದುರು ನಿಂತು, ಸಣ್ಣ ಸಣ್ಣ ರಕ್ತನಾಳಗಳಲ್ಲೆಲ್ಲ ರಕ್ತ ಹೆಪ್ಪುಗಟ್ಟುತ್ತದಂತೆ. ಕಾಲಿನ ಚುಕ್ಕೆಗಳು ಚರ್ಮದಡಿ ಒಸರಿದ ರಕ್ತವಂತೆ. ಅವಳ ಪ್ಲಾಸ್ಮಾ ತೆಗೆದು ಬೇರೆಯವರದನ್ನು ಕೊಡತೊಡಗಿದರು. ಶಾಲೆಯ ಮೇಷ್ಟ್ರುಗಳು ಸಾಲಾಗಿ ಬಂದು ರಕ್ತ ಕೊಟ್ಟರು. ನಾನು ಕಾರಿಡಾರಿನ ಬೆಂಚಿನ ಮೇಲೆ ಒಬ್ಬಳೇ ಕೂತಿರುತ್ತಿದ್ದೆ. ಶುಕ್ರವಾರ ಅಕ್ಕ ಹೋದಳು.

"ಭಾನುವಾರವೇ ಕರ್ಕೊಂಡು ಬಂದಿದ್ರೆ ಉಳೀತಿದ್ಲಾ ಸಾರ್?" ಎಂದು ಕೇಳಿದೆ.

ಡಾಕ್ಟರು "ಹೇಳಕ್ಕಾಗಲ್ಲಮ್ಮ," ಎಂದರು.

ನೆಂಟರು ಬಂದರು. ನಿನ್ನ ತಪ್ಪೇನಿಲ್ಲ ಎಂದು ಎಲ್ಲರೂ ಹೇಳಿದರು, ಹದಿಮೂರನೆಯ ದಿನ ಊಟ ಮುಗಿಸಿ ಹೊರಟರು. ಆ ಎರಡು ದಿನಗಳ ವಿಷಯ ನಾನು ಅವರಲ್ಲಿ ಯಾರಿಗೂ ಹೇಳಿರಲಿಲ್ಲ. ನಾನು ತಪ್ಪು ಮಾಡಿದರೆ ಚೆನ್ನಾಗಿ ಬಯ್ದು, ಆಮೇಲೆ ಊಟಕ್ಕೆ ಕರೆಯುತ್ತಿದ್ದವಳು ಅಕ್ಕ. ನನ್ನನ್ನು ಬಯ್ಯುವವರು ಈಗ ಯಾರೂ ಇಲ್ಲ.