ಬಾಗಿಲ ಹೊರಗಿನ ಚಪ್ಪಲಿಗಳು

ಉಲ್ಲಾಳದ ಹತ್ತಿರದ ನಮ್ಮ ಸರ್ಕಾರಿ ಹೈಸ್ಕೂಲಿನಲ್ಲಿ ನಾನು ಗಣಿತದವಳು. ವೃತ್ತಿ ಶಿಕ್ಷಣ ಶುರುವಾದಾಗ ಕಂಪ್ಯೂಟರ್ ಕಲಿಸಲು ಗುತ್ತಿಗೆಯ ಮೇಲೆ ಒಬ್ಬ ಮೇಡಂ ಬಂದರು. ಪ್ರತಿ ಜೂನ್‌ನಲ್ಲಿ ಅವರನ್ನು ಮುಂದುವರಿಸುವ ಆರ್ಡರ್ ತಡವಾಗುತ್ತಿತ್ತು. ಅದಕ್ಕೆ ಕಾಯದೆ ಬಂದು, ಮಾನಿಟರ್‌ಗಳ ಧೂಳನ್ನು ದುಪಟ್ಟಾದಲ್ಲಿ ಒರೆಸುತ್ತಿದ್ದರು. ಯಾಕೆ ಎಂದು ಕೇಳಿದರೆ, "ಮಕ್ಕಳು ಬಂದ್ಬಿಟ್ಟಿದಾರಲ್ಲ ಮೇಡಂ" ಎನ್ನುತ್ತಿದ್ದರು. ಧೂಳಿನ ಭಯಕ್ಕೆ ಅವರ ಲ್ಯಾಬಿಗೆ ಯಾರೂ ಚಪ್ಪಲಿ ಹಾಕಿಕೊಂಡು ಹೋಗುವಂತಿರಲಿಲ್ಲ.

ಒಮ್ಮೆ ಹತ್ತನೇ ತರಗತಿಯವರನ್ನು ಹತ್ತಿರದಲ್ಲೇ ಇರುವ ನಾಗರಬಾವಿ ಕಡೆಯ ಕಾಲೇಜೊಂದಕ್ಕೆ ಕರೆದೊಯ್ದೆವು. ಮುಂದೆ ಓದುವ ಜಾಗವನ್ನು ಮಕ್ಕಳು ಕಣ್ಣಾರೆ ನೋಡಲಿ ಎಂಬುದು ಮೇಡಂ ಆಸೆ. ಅಲ್ಲಿನ ಲ್ಯಾಬಿನ ಬಾಗಿಲಲ್ಲಿ ನಮ್ಮವರೆಲ್ಲ ಶೂ, ಚಪ್ಪಲಿ ಸಾಲಾಗಿ ಬಿಟ್ಟು ಒಳಹೋದರು. ಒಳಗೆ ಕಾಲೇಜಿನವರೆಲ್ಲ ಶೂ ಹಾಕಿಕೊಂಡೇ ಕೂತಿದ್ದರು. ಯಾರೋ ಕಿಸಕ್ಕನೆ ನಕ್ಕರು. ನಮ್ಮ ಹುಡುಗಿಯೊಬ್ಬಳು ಒಂದು ಪಾದವನ್ನು ಇನ್ನೊಂದರ ಹಿಂದೆ ಮರೆಮಾಡಿಕೊಂಡಳು.

"ಹೋಗಿ ಹಾಕ್ಕೊಂಡು ಬನ್ನಿ ಅನ್ನೋಣ್ವಾ?" ಎಂದು ಮೆಲ್ಲಗೆ ಕೇಳಿದೆ.

ಮೇಡಂ ತಮ್ಮ ಕಾಲು ನೋಡಿಕೊಂಡರು. ಹೊರಗಿನ ಸಾಲಿನಲ್ಲಿ ಮೊದಲ ಜೋಡಿ ಅವರದೇ.

"ಬೇಡ. ಮಕ್ಕಳು ಒಳಗೆ ಬಂದ್ಬಿಟ್ಟಿದಾರಲ್ಲ ಮೇಡಂ" ಎಂದು ಸುಸ್ತಾದ ದನಿಯಲ್ಲಿ ಹೇಳಿ, ಬರಿಗಾಲಲ್ಲೇ ಮುಂದಿನ ಸಾಲಿನವರೆಗೆ ನಡೆದು, ಆ ಹುಡುಗಿಗೆ ಕುರ್ಚಿ ಎಳೆದುಕೊಟ್ಟರು.