ನಲ್ಲಿಗೆ ಕಟ್ಟಿದ ಸೀರೆ

ನಮ್ಮೂರ ಶಾಲೆಯ ಅಡುಗೆಮನೆಯಿಂದ ಆ ನೀರು ಸೋಸುವ ಯಂತ್ರವನ್ನು ಹೊರಗೆ ಹಾಕಿಸಿದವಳು ನಾನು. ಊರಲ್ಲಿ ಕೇಳಿದರೆ ಯಂತ್ರವೇ ಸರಿಯಿರಲಿಲ್ಲ ಎನ್ನುತ್ತಾರೆ. ಹಾಗೆ ಹೇಳುವಂತೆ ಮಾಡಿದ್ದೂ ನಾನೇ.

ಹಡಗಲಿ ತಾಲ್ಲೂಕಿನಲ್ಲಿ ಇಟ್ಟಿಗಿ ಕಡೆಯ ಹಳ್ಳಿ ನಮ್ಮದು. ಹೊಳೆಯ ನೀರು ಪೈಪಿನಲ್ಲಿ ಬರುತ್ತದೆ. ಹದಿನೈದು ವರ್ಷದಿಂದ ಮಕ್ಕಳ ಬಿಸಿಯೂಟದ ಅಡುಗೆ ನನ್ನದು. ಈ ಸಲ ಬೇಸಿಗೆ ರಜೆ ಮುಗಿದ ಮೇಲೆ ಹರಪನಹಳ್ಳಿಯ ಒಬ್ಬ ಹುಡುಗಿ ಇಬ್ಬರು ಕೆಲಸಗಾರರನ್ನು ಕರೆದುಕೊಂಡು ಬಂದಳು. ಯಾವುದೋ ಕಾಲೇಜಿನ ಸಂಶೋಧನೆಯಂತೆ. ನೀರಿನಲ್ಲಿ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಚೂರುಗಳಿವೆ, ಈ ಸ್ಟೀಲ್ ಕೊಳವೆಯೊಳಗಿನ ಜೆಲ್ಲಿಯಂಥ ಪದರ ಅವನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂದಳು. ನನ್ನನ್ನು ಒಂದು ಮಾತೂ ಕೇಳದೆ ನನ್ನ ಅಡುಗೆಮನೆಯ ಗೋಡೆಗೆ ನಾಲ್ಕು ತೂತು ಕೊರೆಸಿ ಯಂತ್ರ ಕೂರಿಸಿದಳು. ಅವತ್ತಿನಿಂದಲೇ ಅವಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ.

"ಕಣ್ಣಿಗೆ ಕಾಣಂಗಿಲ್ಲ ಅಂದಮ್ಯಾಲೆ ಐತಿ ಅಂತ ನಿಮಗ ಯಾರು ಹೇಳಿದ್ರು?" ಎಂದು ಕೇಳಿದೆ.

"ಮೈಕ್ರೋಸ್ಕೋಪ್‌ನಾಗೆ ಕಾಣ್ತತಿ ಆಂಟಿ," ಎಂದಳು.

ಆಂಟಿ ಎಂದದ್ದಕ್ಕೆ ಇನ್ನಷ್ಟು ಮೈ ಉರಿಯಿತು.

ನೀರಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ನನ್ನ ತವರು ಉಜ್ಜಿನಿ ಕಡೆ. ಅಲ್ಲಿ ಮೆಟ್ಟಿಲು ಬಾವಿಯ ನೀರು ಕುಡಿದು ನನ್ನ ಅಜ್ಜಿಗೆ ನಾರುಹುಣ್ಣಾಗಿತ್ತು. ಮೀನಖಂಡದಿಂದ ದಾರದಂಥ ಹುಳು ಹೊರಗೆ ಬರುತ್ತಿತ್ತಂತೆ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಇಷ್ಟಿಷ್ಟೇ ಎಳೆಯುತ್ತಿದ್ದರಂತೆ. ಆಮೇಲೆ ನಮ್ಮ ಮನೆಯಲ್ಲಿ ಸೋಸದ ನೀರು ಯಾರ ಗಂಟಲಿಗೂ ಇಳಿದಿಲ್ಲ. ಹಳೆ ಸೀರೆಯ ತುಂಡನ್ನು ಎರಡು ಮಡಿಕೆ ಮಾಡಿ ಕೊಡದ ಬಾಯಿಗೆ ಕಟ್ಟುವುದನ್ನು ನಾನು ನಡೆಯಲು ಕಲಿತಾಗಲೇ ಕಲಿತಿರಬೇಕು. ಶಾಲೆಯ ನಲ್ಲಿಗೂ ಕಟ್ಟುತ್ತಿದ್ದೆ. ಬೆಳಿಗ್ಗೆ ಹಂಡೆ ತುಂಬಿದ ಕೂಡಲೇ ಬಿಚ್ಚಿ, ಕುದಿಯುವ ನೀರಿಗೆ ಹಾಕಿ, ಕಲ್ಲಿಗೆ ಉಜ್ಜಿ, ಹಿತ್ತಲಲ್ಲಿ ಒಣಹಾಕುತ್ತಿದ್ದೆ. ತಪಾಸಣೆಗೆ ಬಂದ ಅಧಿಕಾರಿಗಳೇ ನನ್ನ ಶುಚಿಯನ್ನು ಹೊಗಳಿ ಹೋಗಿದ್ದರು. ಯಂತ್ರ ಬಂದ ಮೇಲೆ ಅದರ ನಲ್ಲಿಗೂ ಕಟ್ಟಿದೆ. ಆ ಜೆಲ್ಲಿ ಏನೋ ಎಂತೋ, ನಂಬುವುದು ಹೇಗೆ?

ಹುಡುಗಿ ಬರುತ್ತಿದ್ದದ್ದು ಹತ್ತು ಗಂಟೆಯ ಬಸ್ಸಿಗೆ. ಯಂತ್ರದ ನಲ್ಲಿಯಿಂದ ಒಂದು ಗಾಜಿನ ಶೀಶೆ, ಮಕ್ಕಳು ಕುಡಿಯುವ ಹಂಡೆಯಿಂದ ಒಂದು ಶೀಶೆ ನೀರು ತುಂಬಿಕೊಂಡು ಹೋಗುತ್ತಿದ್ದಳು. ತಿಂಗಳಾದ ಮೇಲೆ ಮುಖ ಸಣ್ಣದು ಮಾಡಿಕೊಂಡು ಬಂದಳು. ನಲ್ಲಿಯ ನೀರು ಚೊಕ್ಕಟ. ಹಂಡೆಯ ನೀರಿನಲ್ಲಿ ಮಾತ್ರ ಇನ್ನೂ ಬೇಕಾದಷ್ಟು ಪ್ಲಾಸ್ಟಿಕ್ಕು.

ನನಗೆ ಹಬ್ಬವಾದಂತಾಯಿತು. ಕಿರಾಣಿ ಅಂಗಡಿಯಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಸಿಕ್ಕವರಿಗೆಲ್ಲ ಹೇಳಿದೆ. "ನಮ್ಮ ಮಕ್ಕಳ ಮ್ಯಾಲೆ ಪ್ರಯೋಗ ಮಾಡಾಕ ಹತ್ಯಾರ ನೋಡ್ರಿ" ಎಂದೆ. ತಾಯಂದಿರು ಹೆದರಿದರು. ಯಂತ್ರ ಇರಬೇಕೋ ಬೇಡವೋ ಎಂದು ತೀರ್ಮಾನಿಸಲು ಶಾಲಾ ಸಮಿತಿಯವರು ಸಭೆ ಕರೆದರು.

ಸಭೆಯ ದಿನ ಅವಳು ಮೊದಲ ಬಸ್ಸಿಗೇ ಬಂದುಬಿಟ್ಟಳು. ನಾನಿನ್ನೂ ಹಂಡೆ ತುಂಬಿಸುತ್ತಿದ್ದೆ. ನಲ್ಲಿಯ ಬಟ್ಟೆ ನೋಡಿ ಬಾಗಿಲಲ್ಲೇ ನಿಂತಳು.

"ಇದು ಯಾವ ಸೀರೆ ಆಂಟಿ?"

"ನಂದ. ಉಟ್ಟು ಹಳೇದಾಗಿದ್ದು."

"ಕಾಟನ್ ಅಲ್ಲ."

"ದಿನಾ ಕಾಟನ್ ಉಡಾಕ ನಾನೇನು ಸಾವ್ಕಾರ್ತೀನಾ?"

ಅವಳು ಅಂಚಿನಿಂದ ಒಂದು ಎಳೆ ಕಿತ್ತು ಒಲೆಯ ಉರಿಗೆ ಹಿಡಿದಳು. ಅದು ಹತ್ತಿಯಂತೆ ಬೂದಿಯಾಗಲಿಲ್ಲ. ಮುದುಡಿ, ಕರಗಿ, ತುದಿಯಲ್ಲಿ ಕಪ್ಪು ಮಣಿಯಾಯಿತು. ಆಮೇಲೆ ಫೋನಿನಲ್ಲಿ ಹಂಡೆಯ ನೀರಿನ ಚಿತ್ರ ತೋರಿಸಿದಳು. ನೀಲಿ ಎಳೆ, ಗುಲಾಬಿ ಎಳೆ. ನನ್ನ ಸೀರೆಯ ಒಡಲು ನೀಲಿ, ಅಂಚು ಗುಲಾಬಿ.

"ಕುದಿಸಿ ಉಜ್ಜಿದಷ್ಟೂ ಎಳೆ ಬಿಡ್ತತಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಸಭೆನಾಗೆ ನೀವೇ ಹೇಳ್ರಿ. ನಾನು ಹೇಳಿದ್ರೆ ನಿಮ್ಮ ಮೇಲೆ ಚಾಡಿ ಹೇಳಿದಂಗಾಗ್ತತಿ."

ಬಾಯಿಗೆ ಬಂದಂತೆ ಬೈದಿದ್ದರೆ ನಾನೂ ಬೈಯಬಹುದಿತ್ತು. ಆ ಮರ್ಯಾದೆಯನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

ಸಭೆಯಲ್ಲಿ ಅಧ್ಯಕ್ಷರು, "ನಲ್ಲ್ಯಾಗ ಚಲೋ ಇರೋ ನೀರು ಹಂಡೇದಾಗ ಹೆಂಗ ಕೆಡತೈತಿ?" ಎಂದು ಕೇಳಿದರು. ಅವಳು ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಎದುರಿಗೆ ತಾಯಂದಿರೆಲ್ಲ ಕೂತಿದ್ದರು. ಹದಿನೈದು ವರ್ಷ ನಾನು ಸೋಸಿ ಕೊಟ್ಟ ನೀರು ಕುಡಿದವರಲ್ಲಿ ಕೆಲವರು ಈಗ ಆ ತಾಯಂದಿರೇ ಆಗಿದ್ದರು.

"ಇನ್ನೊಂದು ತಿಂಗಳು ಟೈಮ್ ಕೊಡ್ರಿ," ಎಂದಷ್ಟೇ ಹೇಳಿದಳು ಅವಳು. ಯಾರೂ ಕೊಡಲಿಲ್ಲ.

ಸಂಜೆ ತಾನೇ ಸ್ಪ್ಯಾನರ್ ಹಿಡಿದು ಯಂತ್ರ ಬಿಚ್ಚಿದಳು. ಹಗರಿಬೊಮ್ಮನಹಳ್ಳಿ ಕಡೆಯ ಯಾವುದೋ ಶಾಲೆಗೆ ಒಯ್ಯುತ್ತಾರಂತೆ. ಹೊರಡುವಾಗ "ಬರ್ತೀನ್ರಿ" ಎಂದಳು. ನಾನು ತಿರುಗಿ ನೋಡಲಿಲ್ಲ. ನನ್ನನ್ನು ಬಿಟ್ಟುಕೊಡದೆ ಹೋದಳಲ್ಲ ಎಂದು ಅವಳ ಮೇಲೆ ಇವತ್ತಿಗೂ ಸಿಟ್ಟಿದೆ. ಹೇಳಿಬಿಟ್ಟಿದ್ದರೆ ನಾಲ್ಕು ದಿನ ಊರವರ ಬಾಯಿಗೆ ಬಿದ್ದು, ಐದನೇ ದಿನ ತಲೆಯೆತ್ತಿ ಓಡಾಡುತ್ತಿದ್ದೆ.

ಸೀರೆಯ ತುಂಡನ್ನು ಒಲೆಗೆ ಹಾಕಿ ಸುಟ್ಟೆ. ಈಗ ಹತ್ತಿಯ ಪಂಚೆ ಕಟ್ಟುತ್ತೇನೆ. ನೀರಿನಲ್ಲಿ ನನ್ನ ಸೀರೆಯ ಎಳೆಗಳೇನೋ ಇಲ್ಲ, ಆದರೆ ಹೊಳೆಯಿಂದ ಬಂದ ಪ್ಲಾಸ್ಟಿಕ್ಕು ಪಂಚೆಯಲ್ಲಿ ತೂರಿ ಹಾಗೇ ಇಳಿಯುತ್ತದೆ.

ಮೊನ್ನೆ ಊಟದ ಹೊತ್ತಿಗೆ ಎರಡನೇ ಕ್ಲಾಸಿನ ಒಂದು ಹುಡುಗಿ ಗೋಡೆಯ ತೂತಿಗೆ ಬೆರಳಿಟ್ಟು, "ಇಲ್ಲಿದ್ದ ಮಷೀನು ಯಾಕ ಒಯ್ದ್ರಬೇ?" ಎಂದು ಕೇಳಿತು.

"ಅದು ಸರಿ ಇರಲಿಲ್ಲವ್ವಾ," ಎಂದೆ.

ಕೂಸು ತಲೆಯಾಡಿಸಿ, ಲೋಟದ ನೀರು ಗಟಗಟ ಕುಡಿದು, ಇನ್ನೊಂದು ಲೋಟ ಕೇಳಿತು. ಹಾಕಿಕೊಟ್ಟೆ.