ಗಿಟಾರಿನ ಮೇಲಿನ ಕುಂಕುಮದ ಬೊಟ್ಟು

೧೯೬೯ರಲ್ಲಿ ನಾನು ನಾಸಿಕದ ಒಂದು ಮೋಟಾರ್ ಬಾಡಿ ವರ್ಕ್‌ಶಾಪಿನಲ್ಲಿ ಪೇಂಟ್ ವಿಭಾಗದ ಫೋರ್‌ಮನ್ ಆಗಿದ್ದೆ. ಹುಟ್ಟೂರು ಬೀದರ ಜಿಲ್ಲೆಯ ಭಾಲ್ಕಿ ಕಡೆ. ಸ್ಪ್ರೇ ಗನ್ ಹಿಡಿಯಲು ಕಲಿತದ್ದು ಆಗ ಔರಂಗಾಬಾದ್ ಎನ್ನುತ್ತಿದ್ದ, ಈಗ ಛತ್ರಪತಿ ಸಂಭಾಜಿನಗರ ಎನ್ನುವ ಊರಿನಲ್ಲಿ. ನಿವೃತ್ತನಾಗಿ ಬಂದು ನೆಲೆಸಿರುವುದೂ ಇಲ್ಲಿಯೇ. ಬಸ್ಸು, ಜೀಪು, ಅಂಬುಲೆನ್ಸು ಎಂದು ನನ್ನ ಕೈಯಿಂದ ಬಣ್ಣ ಕಂಡ ಗಾಡಿಗಳಿಗೆ ಲೆಕ್ಕವಿಲ್ಲ. ಆದರೆ ನನ್ನ ಕಸುಬಿನ ಮಾತು ಬಂದರೆ ನಾನು ಮೊದಲು ಹೇಳುವುದು ಒಂದು ಎಲೆಕ್ಟ್ರಿಕ್ ಗಿಟಾರಿನ ವಿಷಯ. ಆ ವಾದ್ಯದಲ್ಲಿ ‘ಸಾ’ ಎಲ್ಲಿದೆ, ‘ಪಾ’ ಎಲ್ಲಿದೆ ಎಂಬುದು ನನಗೆ ಇಂದಿಗೂ ಗೊತ್ತಿಲ್ಲ.

ಆ ವರ್ಷ ಶ್ರಾವಣ ಮುಗಿಯುವ ಹೊತ್ತಿಗೆ ಸುಮತಿ ಎಂಬ ಹುಡುಗಿ ನನ್ನನ್ನು ಹುಡುಕಿಕೊಂಡು ಬಂದಳು. ಪಂಚವಟಿಯಲ್ಲಿ ಹೋಟೆಲ್ ನಡೆಸುತ್ತಿದ್ದ ಐತಾಳರ ಮಗಳು, ಕಾಲೇಜಿನಲ್ಲಿ ಓದುತ್ತಿದ್ದಳು. ಐತಾಳರು ಕುಂದಾಪುರ ಕಡೆಯವರು. ಸಾರು ಅನ್ನಕ್ಕಿಂತ ಹೆಚ್ಚಾಗಿ ನಾಲ್ಕು ಮಾತು ಕನ್ನಡ ಆಡುವ ಆಸೆಗೇ ನಾನು ಅವರಲ್ಲಿಗೆ ಊಟಕ್ಕೆ ಹೋಗುತ್ತಿದ್ದೆ. ಸುಮತಿ ನಾಸಿಕದಲ್ಲೇ ಬೆಳೆದವಳಾದ್ದರಿಂದ ಅವಳ ಕನ್ನಡದಲ್ಲಿ ಅರ್ಧ ಮರಾಠಿ ಇರುತ್ತಿತ್ತು.

ಅವಳು ಗೋಣಿಚೀಲದಿಂದ ಹೊರತೆಗೆದದ್ದು ಸಾಗವಾನಿಯಲ್ಲಿ ಕೊರೆದ ಗಿಟಾರಿನ ಬಾಡಿ. ಹೋಟೆಲಿನ ಬೆಂಚುಗಳನ್ನು ಮಾಡಿದ ಬಡಗಿಯಿಂದಲೇ ಮಾಡಿಸಿದ್ದಳು. ತಂತಿ, ಅದರ ನಾದ ಹಿಡಿಯುವ ಪಿಕಪ್ಪು ಎಲ್ಲ ಕೂಡಿಸಿ ನುಡಿಸಿಯೂ ಆಗಿತ್ತು. ಬಣ್ಣಕ್ಕೆಂದು ಈಗ ಬಿಚ್ಚಿ ತಂದಿದ್ದಳು. ಇಗತಪುರಿಯ ರೈಲ್ವೆ ನೌಕರರ ಕ್ಲಬ್ಬಿನ ಬ್ಯಾಂಡಿನಲ್ಲಿ ಗಿಟಾರ್ ನುಡಿಸುತ್ತಿದ್ದವನಿಗೆ ವರ್ಗವಾಗಿತ್ತು. ಬ್ಯಾಂಡ್ ಮಾಸ್ಟರ್ ಪೀಟರ್ ಸುಮತಿ ನುಡಿಸುವುದನ್ನು ಕೇಳಿ ಒಪ್ಪಿದ್ದ. ಆದರೆ ಹಸಿ ಹಲಗೆ ಹಿಡಿದು ತನ್ನ ಸ್ಟೇಜು ಹತ್ತಕೂಡದು, ಮುಂಬಯಿಗೆ ಕಳಿಸಿ ಲ್ಯಾಕರ್ ಮಾಡಿಸಿಕೊಂಡು ಬಾ ಎಂದಿದ್ದ. ಮುಂಬಯಿಯ ಮಾತೇ ಬೇಡ ಎಂದು ಐತಾಳರು ಹಟ ಹಿಡಿದಿದ್ದರು. ದೀಪಾವಳಿಯ ಕಾರ್ಯಕ್ರಮದಲ್ಲಿ ನುಡಿಸಿದರೆ ಸರಿ, ಇಲ್ಲದಿದ್ದರೆ ಹಲಗೆ ಅಟ್ಟಕ್ಕೆ, ಮತ್ತೆ ಆ ಸುದ್ದಿ ಎತ್ತಕೂಡದು ಎಂಬುದು ಮನೆಯ ತೀರ್ಪು.

“ಕಾಕಾ, ಜೀಪಿಗೆ ಹೊಡೀತೀರಲ್ಲ, ತೇಚ್ ಲ್ಯಾಕರ್ ಇದಕ್ಕೂ ಹೊಡೀರಿ ನಾ,” ಎಂದಳು. ಅವಳಿಗೆ ಬೇಕಾಗಿದ್ದದ್ದು ‘ಸನ್‌ಬರ್ಸ್ಟ್’. ನಡುವೆ ಜೇನಿನ ಬಣ್ಣ, ಅಂಚಿನ ಕಡೆಗೆ ಹೋಗುತ್ತ ಕೆಂಪು, ಕೊನೆಗೆ ಕಪ್ಪು. ಒಂದು ಬಣ್ಣ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಹುಟ್ಟಿತು ಎಂಬುದು ಕಣ್ಣಿಗೆ ತಿಳಿಯಬಾರದು.

“ಮಾಡ್ತೀನವ್ವಾ,” ಎಂದೆ. “ಆದ್ರ ನನಗ ಅವಸರ ಮಾಡಬ್ಯಾಡ.”

ಸುದ್ದಿ ತಿಳಿದ ಪೀಟರ್ ಒಂದು ದಿನ ಖುದ್ದಾಗಿ ವರ್ಕ್‌ಶಾಪಿಗೆ ಬಂದ. ಒಳಗೆ ನಿಂತಿದ್ದ ಬಸ್ಸನ್ನು ನೋಡಿದ, ನನ್ನ ಅಂಗಿಯ ಮೇಲಿನ ಬಣ್ಣ ನೋಡಿದ. “ಬಸ್ ರಂಗನೇವಾಲಾ ಗಿಟಾರ್ ಕ್ಯಾ ರಂಗೇಗಾ?” ಎಂದು, ಬಸ್ಸಿಗೆ ಬಳಿಯುವವನಿಗೆ ಗಿಟಾರ್ ಎಲ್ಲಿ ಒಲಿಯಬೇಕು ಎಂಬಂತೆ, ಎಲ್ಲರ ಮುಂದೆ ನಕ್ಕ. ನನಗೆ ಪಿತ್ತ ನೆತ್ತಿಗೇರಿತು. “ಸ್ಟೇಜ್ ಪೇ ದೇಖ್ ಲೇನಾ, ಸಾಬ್,” ಎಂದು ಬಾಗಿಲು ತೋರಿಸಿದೆ. ಹಿತ್ತಲ ಗಿಡ ಮದ್ದಲ್ಲ ಎನ್ನುವವರು ಎಲ್ಲ ಊರಿನಲ್ಲೂ ಇರುತ್ತಾರೆ. ಮುಂಬಯಿಯ ಪೇಂಟರನಿಗೂ ಇರುವುದು ಎರಡೇ ಕೈ ಎಂದು ಅವನಿಗೆ ತೋರಿಸದೆ ಬಿಡಬಾರದು ಎಂದುಕೊಂಡೆ.

ಇಲ್ಲಿ ಲ್ಯಾಕರ್ ಬಗ್ಗೆ ಸ್ವಲ್ಪ ಹೇಳಬೇಕು. ಆ ಕಾಲದಲ್ಲಿ ನಾವು ಗಾಡಿಗಳಿಗೆ ಹೊಡೆಯುತ್ತಿದ್ದದ್ದು ಎನ್.ಸಿ., ಅಂದರೆ ನೈಟ್ರೋಸೆಲ್ಯುಲೋಸ್ ಲ್ಯಾಕರ್. ಥಿನ್ನರಿನಲ್ಲಿ ಕರಗಿಸಿ ತೆಳ್ಳಗೆ ಹೊಡೆದರೆ ಥಿನ್ನರ್ ಹಾರಿಹೋಗಿ ಲ್ಯಾಕರಿನ ಪದರ ಉಳಿಯುತ್ತದೆ. ಕಬ್ಬಿಣದ ಮೇಲೆ ತಪ್ಪಾದರೆ ಪುಟ್ಟಿ ತುಂಬಿ ಮುಚ್ಚಬಹುದು. ಸನ್‌ಬರ್ಸ್ಟಿನಲ್ಲಿ ಮರದ ಗೆರೆಗಳು ಕಾಣಲೇಬೇಕಾದ್ದರಿಂದ ಮುಚ್ಚುವ ಮಾತೇ ಇಲ್ಲ. ಮೇಲಾಗಿ ಸಾಗವಾನಿಯ ಮೈಯಲ್ಲಿ ಎಣ್ಣೆ ಇರುತ್ತದೆ, ಅದು ಲ್ಯಾಕರನ್ನು ಹಿಡಿಯಗೊಡುವುದಿಲ್ಲ. ಅದಕ್ಕೆ ಮೊದಲು ಥಿನ್ನರಿನಿಂದ ಒರೆಸಿ ಒರೆಸಿ ಎಣ್ಣೆ ತೆಗೆದು, ಮರದ ಸಣ್ಣ ರಂಧ್ರ ಮುಚ್ಚುವ ಸೀಲರ್ ಹಚ್ಚಿ, ಪಾಲಿಶ್ ಪೇಪರಿನಿಂದ ಕನ್ನಡಿಯಂತೆ ನಯ ಮಾಡಿದೆ. ಗಿಟಾರಿನ ಕತ್ತು ಬಂದು ಕೂಡುವ ಗುಂಡಿಗೆ ಟೇಪು ಅಂಟಿಸಿದೆ; ಅಲ್ಲಿ ಬಣ್ಣ ಹೊಕ್ಕರೆ ಕತ್ತು ಸರಿಯಾಗಿ ಕೂರುವುದಿಲ್ಲ.

ಮೊದಲ ಸಲ ಹೊಡೆದಾಗ ಇಡೀ ಮೈ ಬೆಳ್ಳಗಾಯಿತು. ಮಳೆಗಾಲದಲ್ಲಿ ಥಿನ್ನರ್ ಹಾರುವಾಗ ಗಾಳಿಯ ತೇವ ಬಂದು ಲ್ಯಾಕರಿನೊಳಗೆ ಸಿಕ್ಕಿಕೊಂಡು ಹೀಗೆ ಹಾಲಿನ ಕೆನೆ ಕಟ್ಟುತ್ತದೆ. ಇದಕ್ಕೆ ಬ್ಲಶಿಂಗ್ ಎನ್ನುತ್ತೇವೆ. ವರ್ಕ್‌ಶಾಪಿನಲ್ಲಿ ಕೆಲವರು ಮುಸಿಮುಸಿ ನಕ್ಕರು. ಮಳೆಯನ್ನು ಬೈದು ಕುಳಿತರೆ, ಕುಣಿಯಲಾರದವಳು ನೆಲ ಡೊಂಕು ಎಂದಂತೆ ಆಗುತ್ತಿತ್ತು. ಎಲ್ಲ ತೆಗೆದು ಹೊಸದಾಗಿ ಶುರು ಮಾಡಿದೆ. ಥಿನ್ನರ್ ನಿಧಾನವಾಗಿ ಹಾರುವಂತೆ ರಿಟಾರ್ಡರ್ ಬೆರೆಸಿದೆ, ಬಿಸಿಲು ಬಿದ್ದ ದಿನ ಮಾತ್ರ ಗನ್ ಮುಟ್ಟಿದೆ, ಕಂಪ್ರೆಸರಿನ ಒತ್ತಡ ಇಳಿಸಿ ಅಂಚಿನ ಬಣ್ಣವನ್ನು ಮಂಜಿನಂತೆ ಕೂರಿಸಿದೆ. ಕೊನೆಗೆ ಬಣ್ಣವಿಲ್ಲದ ಕ್ಲಿಯರ್ ಲ್ಯಾಕರ್ ಹೊಡೆದು ಪಾಲಿಶ್ ಮಾಡಿದಾಗ, ನಡುವಿನ ಜೇನಿನಲ್ಲಿ ಮರದ ಗೆರೆಗಳು ಎದ್ದು ನಿಂತವು. ನನ್ನ ಕೆಲಸ ನೋಡಿ ನನಗೇ ಹೆಮ್ಮೆಯಾಯಿತು. ಅದನ್ನು ಮುಚ್ಚಿಡುವ ಸ್ವಭಾವ ನನ್ನದಲ್ಲ.

ಐತಾಳರು ಮಾತ್ರ ಗಲ್ಲಾಪೆಟ್ಟಿಗೆ ಬಿಟ್ಟು ಏಳದೆ, “ಎಂಥದ್ದಿದು ಮಾರಾಯ್ರೆ, ಅಂಚು ಕರಟಿದ ದೋಸೆಯ ಹಾಗೆ ಉಂಟಲ್ಲ!” ಎಂದರು.

ಸುಮತಿಗೆ ನಾನು ಒಂದೇ ಮಾತು ಹೇಳಿದ್ದೆ. ಲ್ಯಾಕರ್ ಮೇಲೆ ಒಣಗಿದಂತೆ ಕಂಡರೂ ಒಳಗೆ ವಾರಗಟ್ಟಲೆ ಮೆತ್ತಗಿರುತ್ತದೆ, ದೀಪಾವಳಿಯವರೆಗೆ ಒದ್ದೆ ಕೈ ಸೋಕಿಸಬೇಡ ಎಂದು. ಅವಳು ತಂತಿ ಕಟ್ಟಿ, ಒಣಬಟ್ಟೆ ಹೊದಿಸಿ, ಕೂಸಿನಂತೆ ನೋಡಿಕೊಂಡಳು.

ದಸರೆಯ ದಿನ ಬೆಳಿಗ್ಗೆಯೇ ಓಡಿಬಂದಳು. ಕಣ್ಣು ಅತ್ತು ಕೆಂಪಾಗಿದ್ದವು. ಹಿಂದಿನ ದಿನ ಆಯುಧಪೂಜೆ. ಐತಾಳರು ರುಬ್ಬುವ ಕಲ್ಲು, ಕಾಫಿ ಫಿಲ್ಟರು, ದೋಸೆಕಲ್ಲು, ಈಳಿಗೆಮಣೆ ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟಿದ್ದರು. ಮಗಳು ದೇವಸ್ಥಾನಕ್ಕೆ ಹೋಗಿದ್ದಾಗ ಯಾರಿಗೂ ಹೇಳದೆ ಗಿಟಾರನ್ನೂ ತಂದು ಆ ಸಾಲಿನಲ್ಲಿ ಇಟ್ಟು, ಹೂವೇರಿಸಿ, ಒದ್ದೆ ಗಂಧದ ಮೇಲೆ ಹೆಬ್ಬೆರಳಿನಿಂದ ಕುಂಕುಮ ಒತ್ತಿದ್ದರು. ಪೂಜೆಗಿಟ್ಟದ್ದನ್ನು ಮರುದಿನದವರೆಗೆ ತೆಗೆಯಬಾರದು ಎಂದು ಯಾರೂ ಮುಟ್ಟಿರಲಿಲ್ಲ. ಬೆಳಿಗ್ಗೆ ಒರೆಸಿದರೆ ಬೊಟ್ಟು ಹೋಗಲಿಲ್ಲ. ಕುಂಕುಮದ ಬಣ್ಣ ಮೆತ್ತನೆಯ ಲ್ಯಾಕರಿಗೆ ಇಳಿದು, ಹೆಬ್ಬೆರಳಿನ ಗೆರೆಗಳ ಸಮೇತ ಅಲ್ಲೇ ಕೂತಿತ್ತು.

ನಾನು ಜಗಳಕ್ಕೆಂದೇ ಹೋಟೆಲಿಗೆ ಹೋದೆ. “ಏನ್ ಮಾಡಿಟ್ರಿ ಐತಾಳರೇ? ಇಷ್ಟು ದಿನ ಹಲಗಿ ಹಲಗಿ ಅಂದವರಿಗೆ ಇದರ ಉಸಾಬರಿ ಯಾಕ ಬೇಕಿತ್ತ್ರಿ?”

ಐತಾಳರ ಮುಖ ಸಣ್ಣದಾಗಿತ್ತು. “ಅವಳ ಆಯುಧ ಅಲ್ಲವಾ ಅದು? ಎಲ್ಲದಕ್ಕೂ ಪೂಜೆ ಮಾಡಿ ಅದೊಂದನ್ನು ಬಿಡ್ಲಿಕ್ಕೆ ಮನಸ್ಸು ಬರ್ಲಿಲ್ಲ,” ಎಂದರು. ಆಮೇಲೆ, “ಉಜ್ಜಿ ತೆಗೀರಿ ಮಾರಾಯ್ರೆ. ನಾನೇ ಹಾಳು ಮಾಡಿದೆ,” ಎಂದರು.

ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಆದರೆ ಉಜ್ಜುವುದು ನನ್ನ ಕಸುಬು. ಪಾಲಿಶ್ ಪೇಪರ್ ತೆಗೆದೆ. ಸುಮತಿ ಗಿಟಾರನ್ನು ಎದೆಗವಚಿಕೊಂಡಳು. ಬೊಟ್ಟಿಗೆಂದು ಅತ್ತವಳು ಅಪ್ಪನ ಮಾತು ಕೇಳಿ ಬೇರೆಯೇ ಆಗಿದ್ದಳು.

“ನಕೋ ಕಾಕಾ! ಅದನ್ನ ಮುಟ್ಟಬೇಡಿ.”

ಎನ್.ಸಿ. ಲ್ಯಾಕರಿಗೆ ಒಂದು ಗುಣವಿದೆ. ಹೊಸ ಪದರ ಹಳೆಯದನ್ನು ಕರಗಿಸಿ ಅದರೊಂದಿಗೆ ಒಂದಾಗುತ್ತದೆ. ಗಿಟಾರನ್ನು ವರ್ಕ್‌ಶಾಪಿಗೆ ಒಯ್ದು, ಬೊಟ್ಟಿನ ಮೇಲೆ ಮೊದಲು ಬಿದ್ದೂಬೀಳದಂತೆ ಧೂಳಿನಷ್ಟು ಕ್ಲಿಯರ್ ಹೊಡೆದು ಬಿಗಿ ಮಾಡಿದೆ, ಇಲ್ಲವಾದರೆ ಕುಂಕುಮ ಹರಿದುಹೋಗುತ್ತಿತ್ತು. ಆಮೇಲೆ ಪೂರ್ತಿ ಪದರ ಕೊಟ್ಟೆ. ಬೊಟ್ಟು ಲ್ಯಾಕರಿನೊಳಗೆ ಉಳಿಯಿತು. ಆಮೇಲೆ ಬೇಕೆಂದರೂ ಯಾರೂ ಅದನ್ನು ಒರೆಸಲಾಗುತ್ತಿರಲಿಲ್ಲ.

ಕಾರ್ಯಕ್ರಮದ ಸಂಜೆ ಇಗತಪುರಿಗೆ ನಾನೂ ಹೋದೆ. ಐತಾಳರು ಬರುವುದಿಲ್ಲ ಎಂದವರು ಅದೇ ರೈಲಿನ ಇನ್ನೊಂದು ಡಬ್ಬಿಯಿಂದ ಇಳಿದರು. ಪೀಟರ್ ಗಿಟಾರನ್ನು ದೀಪಕ್ಕೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಬಣ್ಣದಲ್ಲಿ ಹುಳುಕು ಸಿಗಲಿಲ್ಲ, ಬೊಟ್ಟು ಮಾತ್ರ ಕಂಡಿತು. “ಯೇ ದಾಗ್ ಕ್ಯಾ ಹೈ? ಇಸಪೇ ಸ್ಟಿಕರ್ ಲಗಾವೋ,” ಎಂದು ಆ ಕಲೆಯನ್ನು ಮುಚ್ಚಲು ಹೇಳಿದ.

ನಾನು ಬಾಯಿ ತೆರೆಯುವ ಮೊದಲೇ ಸುಮತಿ ಹೇಳಿದಳು: “ದಾಗ್ ನಹೀ ಹೈ. ಐಸೇಹೀ ಬಜಾವೂಂಗೀ. ನಹೀ ತೋ ಮೈ ಚಲೀ.” ಇದು ಕಲೆಯಲ್ಲ, ನುಡಿಸಿದರೆ ಹೀಗೇ, ಇಲ್ಲವಾದರೆ ಹೊರಟೆ ಎಂಬ ಮಾತು ಅದು.

ಹೊರಗೆ ಕುರ್ಚಿಗಳು ತುಂಬಿದ್ದವು. ಪೀಟರನ ಬಳಿ ಬೇರೆ ಗಿಟಾರ್ ವಾದಕನಿರಲಿಲ್ಲ. ನನ್ನ ಮುಖ ನೋಡಿದ, ಅವಳ ಮುಖ ನೋಡಿದ. “ಚಲೋ, ಟ್ಯೂನ್ ಕರೋ,” ಎಂದು ವಾದ್ಯವನ್ನು ಅವಳ ಕೈಗೆ ಕೊಟ್ಟ.

ಅವಳು ಏನು ನುಡಿಸಿದಳೋ ನನಗೆ ಅರ್ಥವಾಗಲಿಲ್ಲ. ಜನ ಮಾತ್ರ ಎದ್ದುನಿಂತು ಚಪ್ಪಾಳೆ ತಟ್ಟಿದರು. ದೀಪ ಬಿದ್ದಾಗಲೆಲ್ಲ ಜೇನಿನ ಬಣ್ಣದ ನಡುವೆ ಆ ಕೆಂಪು ಹೊಳೆಯುತ್ತಿತ್ತು. ಕೊನೆಯ ಸಾಲಿನಲ್ಲಿ ಐತಾಳರು ಪಕ್ಕದ ರೈಲ್ವೆಯವನ ತೋಳು ಹಿಡಿದು ಅಲ್ಲಾಡಿಸುತ್ತಿದ್ದರು. ಆ ಮನುಷ್ಯನಿಗೆ ಕನ್ನಡದ ಒಂದು ಅಕ್ಷರವೂ ಬಾರದು. ಆದರೂ ಇವರು ಬಿಡಲಿಲ್ಲ: “ಆ ಬೊಟ್ಟು ಉಂಟಲ್ಲ, ಅದು ನಾನು ಇಟ್ಟದ್ದು!”

ಕಲೆ ಕಂಡಲ್ಲೆಲ್ಲ ಉಜ್ಜಿ ತೆಗೆಯುವುದೇ ಒಳ್ಳೆಯ ಪೇಂಟರನ ಲಕ್ಷಣ ಎಂದು ನನ್ನ ಉಸ್ತಾದರು ಕಲಿಸಿದ್ದರು. ಉಳಿದೆಲ್ಲ ಗಾಡಿಗಳಿಗೆ ನಾನು ಅದನ್ನು ಪಾಲಿಸಿದ್ದೇನೆ. ಆದರೆ ಉಜ್ಜುವ ಮೊದಲು ಅದು ಯಾರ ಬೆರಳು ಎಂದು ಕೇಳುವುದನ್ನು ನನಗೆ ಕಲಿಸಿದ್ದು ಆ ಗಿಟಾರು. ಅದರ ಮೇಲಿರುವುದು ದೋಷ ಎಂದು ಈಗಲೂ ಯಾರಾದರೂ ನನ್ನೆದುರು ಹೇಳಿದರೆ, ಈ ವಯಸ್ಸಿನಲ್ಲೂ ಬಾಗಿಲು ತೋರಿಸುತ್ತೇನೆ.